ಮಿದುಳಿಗೆ ಹರಡಿದ ಏಡಿಗಂತಿ: ಶಸ್ತ್ರ ಮತ್ತು ಕಿರಣಗಳ ಪೂರ್ವಾಪರ

ಶ್ವಾಸಕೋಶದಲ್ಲೋ ಸ್ತನದಲ್ಲೋ ಹುಟ್ಟಿದ ಏಡಿಗಂತಿಯ ಕೋಶಗಳು ರಕ್ತದೊಡನೆ ಹರಿದು ಮಿದುಳಿನಲ್ಲಿ ನೆಲೆಯೂರಿದಾಗ, ಆ ಗಡ್ಡೆಯನ್ನು ತೆಗೆಯುವ ಮುನ್ನ ವಿಕಿರಣವನ್ನು ಹಾಯಿಸಬೇಕೆ, ತೆಗೆದ ತರುವಾಯವೆ ಎಂಬ ಪ್ರಶ್ನೆ ತೀರ ಈಚಿನದು. ಅದಕ್ಕೆ ಮೊದಲು, ಶಸ್ತ್ರವಾದರೂ ಬೇಕೆ ಎಂಬುದೇ ವಿವಾದವಾಗಿತ್ತು.

1950ರ ದಶಕದಿಂದ ಮೊದಲ್ಗೊಂಡು, ಇಡೀ ಮಿದುಳಿಗೆ ಕಿರಣ ಕೊಟ್ಟು ತಲೆನೋವು ವಾಂತಿಗಳನ್ನು ಶಮನಗೊಳಿಸುವುದು ರೂಢಿಯಾಗಿತ್ತು. 1990ರಲ್ಲಿ ಅಮೆರಿಕದ ಪ್ಯಾಚೆಲ್ ಮತ್ತು ಸಂಗಡಿಗರು, ಒಂದೇ ಗಡ್ಡೆಯಿದ್ದ 48 ಮಂದಿಯಲ್ಲಿ, ಗಡ್ಡೆ ತೆಗೆಸಿಕೊಂಡು ಕಿರಣ ಪಡೆದವರ ಮಧ್ಯಕ ಆಯುರವಧಿ 40 ವಾರ, ಬರಿಯ ಕಿರಣ ಪಡೆದವರದು 15 ವಾರ ಎಂದು ತೋರಿಸಿದರು. 1998ರಲ್ಲಿ ಅವರೇ 95 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಶಸ್ತ್ರದ ಬಳಿಕ ಕಿರಣ ಪಡೆಯದವರಲ್ಲಿ ಶೇಕಡ 70ರಷ್ಟು ಮಂದಿಗೆ ಮಿದುಳಿನಲ್ಲಿ ರೋಗ ಮರುಕಳಿಸಿದರೆ, ಪಡೆದವರಲ್ಲಿ ಶೇಕಡ 18ಕ್ಕೆ ಮಾತ್ರ. ಆಯುಷ್ಯವೇನೋ ಅದರಿಂದ ಬೆಳೆಯಲಿಲ್ಲ. ಇಡೀ ಮಿದುಳಿಗೆ ಬಿದ್ದ ಕಿರಣ ಸ್ಮೃತಿಯನ್ನು ಕುಂದಿಸುವುದೆಂಬ ಅಳಲೂ ಇತ್ತು. ಆದಕಾರಣ, ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1951ರಲ್ಲಿ ಪ್ರತಿಪಾದಿಸಿದ ಸೂಕ್ಷ್ಮಗುರಿಯ ಕಿರಣಕ್ರಮವನ್ನು ಗಡ್ಡೆ ತೆಗೆದ ಕುಳಿಗಷ್ಟೇ ಪ್ರಯೋಗಿಸುವ ಪದ್ಧತಿ ಬೆಳೆದು, 2017ರ ಎರಡು ಪರೀಕ್ಷೆಗಳಿಂದ ಬಲಗೊಂಡಿತು.

ಕುಳಿಯ ಅಂಚಾದರೋ ಗಡ್ಡೆಯ ಅಂಚಿನಂತೆ ಸ್ಪಷ್ಟವಲ್ಲ. ದಿನಗಳೆದಂತೆ ಅದು ಕುಗ್ಗುತ್ತದೆ, ಆಕಾರಗೆಡುತ್ತದೆ. ಶಸ್ತ್ರದ ವೇಳೆ ಚೆಲ್ಲಿದ ಕೋಶಗಳು ಮಿದುಳಿನ ಪೊರೆಗೂ ಹಬ್ಬಬಹುದು. ಆ ಕೋಶಗಳನ್ನು ಮೊದಲೇ ನಿರ್ವೀರ್ಯಗೊಳಿಸುವ ಉದ್ದೇಶದಿಂದ, ಒಂದೇ ಸರದಿಯ ಕಿರಣ ಕೊಟ್ಟು ಒಂದೆರಡು ದಿನಗಳಲ್ಲಿ ಶಸ್ತ್ರ ಮಾಡಿದ 47 ರೋಗಿಗಳ ವರದಿ 2014ರಲ್ಲಿ ಬಂತು. ಆದರೆ ಊತ ಮಿತಿಮೀರಿ ಪ್ರಜ್ಞೆ ತಪ್ಪುತ್ತಿರುವವನಲ್ಲಿ ಕಿರಣಕ್ಕೆ ಕಾಯುವಂತಿಲ್ಲ. ಗಡ್ಡೆಯ ಜಾತಿ ಸಂದಿಗ್ಧವಾಗಿದ್ದರೆ ತುಣುಕನ್ನು ಪರೀಕ್ಷಿಸದೆ ಕಿರಣ ಹಾಯಿಸುವುದೂ ಅವಿವೇಕ.

ಚಿಕ್ಕೋಡಿ ಸೀಮೆಯಲ್ಲಿ ಈ ಪೂರ್ವಾಪರಕ್ಕೆ ಹಾದಿಯ ಲೆಕ್ಕವೂ ಕೂಡಿಕೊಳ್ಳುತ್ತದೆ. ತಂಬಾಕಿನ ಪೇಟೆಯೆಂದು ಹೆಸರಾದ ನಿಪ್ಪಾಣಿಯವರು ಹೆದ್ದಾರಿ ಹಿಡಿದು ಕೊಲ್ಲಾಪುರಕ್ಕೋ ಬೆಳಗಾವಿಗೋ ಹೋದರೆ, ಅಥಣಿಯವರು ಕಾಗವಾಡದ ಮೇಲೆ ಹಾಯ್ದು, ರಾಯಬಾಗದವರು ಕುಡಚಿ, ಉಗಾರಗಳನ್ನು ದಾಟುವ ರೈಲಿನಲ್ಲಿ, ವಾನ್ಲೆಸ್ ವೈದ್ಯರು 1894ರಲ್ಲಿ ಆಸ್ಪತ್ರೆ ಕಟ್ಟಿದ ಮಿರಜಿಗೆ ಹೋಗುವುದು ವಾಡಿಕೆ. ದೂರವೆಂದರೆ ಹುಬ್ಬಳ್ಳಿ, ಇನ್ನೂ ದೂರವೆಂದರೆ 1973ರಿಂದ ನಡೆದುಬಂದಿರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಜನರು 'ಕರೆಂಟ್ ಕೊಡೋದು' ಎನ್ನುವ ಕಿರಣ ಇಡೀ ಮಿದುಳಿಗಾದರೆ ಸಾಮಾನ್ಯವಾಗಿ ಹತ್ತು ಸರದಿ, ಎರಡು ವಾರ. ತಲೆಯ ಹೊಲಿಗೆ ಬಿಚ್ಚಿಸಿಕೊಂಡು, ಫಿಲ್ಮಿನ ದೊಡ್ಡ ಚೀಲವನ್ನು ಮಗನ ಕೈಗಿತ್ತು ಊರಿಗೆ ಮರಳಿದವನು ಕಬ್ಬು ಕಡಿಯುವ ಸುಗ್ಗಿಯಲ್ಲಿ ಕಿರಣದ ವಾಯಿದೆಗೆ ಹೊರಡುವುದು ತಡವಾದರೆ, ಅಷ್ಟರಲ್ಲಿ ಕುಳಿಯ ಅಂಚಿನ ಕೋಶಗಳು ಮತ್ತೆ ಬೆಳೆಯತೊಡಗಿರಬಹುದು.