ಲಂಡನ್ನಿನವರ ಹೊನ್ನಾರು

ಹುಣಸೆ ಬಡಿಸಿ ಮೂರು ದಿನ ಆಗಿತ್ತು. ಮನೆಯವರೆಲ್ಲ ಜಗಲಿ ಮೇಲೆ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸ್ತಾ ಇದ್ವಿ. ಲಂಡನ್ನಿನಲ್ಲಿ ಕೆಲಸಕ್ಕಿರೋ ನನ್ನ ತಂಗಿ ಮಗ ಒಂದು ವಿಡಿಯೋ ಕಳಿಸಿದ. ಮಾರ್ಚ್ 20, ನಡುಹಗಲು. ಟವರ್ ಹಿಲ್ ಅನ್ನೋ ಜಾಗ. ಒಂದು ಕಡೆ ಹಳೇ ಕೋಟೆ, ಇನ್ನೊಂದು ಕಡೆ ಗಾಜಿನ ಕಟ್ಟಡಗಳು. ಬಿಳೀ ನಿಲುವಂಗಿ ತೊಟ್ಟ ಒಂದಷ್ಟು ಜನ ಸಾಲಾಗಿ ಬಂದು ಸುತ್ತಲೂ ನಿಂತರು. ಒಬ್ಬ ಕೊಂಬು ಊದಿದ. ಒಬ್ಬ ಹೆಂಗಸು ಬೀಜ ತಂದಳು. ಕೆಳಗೆ ಹುಡುಗ ಬರೆದಿದ್ದ, "ಮಾವ, ಇವರದ್ದೂ ಹೊನ್ನಾರಾ?"

ನಕ್ಕು ಸುಮ್ಮನಾಗಬಹುದಿತ್ತು. ಆದ್ರೆ ಹೊನ್ನಾರಿನ ವಿಷಯದಲ್ಲಿ ನನ್ನೊಳಗೆ ಒಂದು ಮುಳ್ಳಿದೆ, ಅದನ್ನ ಆಮೇಲೆ ಹೇಳ್ತೀನಿ. ಎರಡು ವಾರ ಹುಡುಗನ್ನ ಕೇಳಿ ಕೇಳಿ, ರಾತ್ರಿ ಫೋನಿನಲ್ಲಿ ಓದಿ ತಿಳ್ಕೊಂಡಿದ್ದನ್ನ ಬರೀತಿದ್ದೀನಿ. ಉದ್ದ ಆಯ್ತು ಅಂತ ಬೈಬೇಡಿ.

ಇವರನ್ನ ಪೇಗನ್ ಅಂತಾರೆ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಮೊದಲಿದ್ದ ಅರ್ಥ ಹಳ್ಳಿಯವನು ಅಂತ. ಹಂಗಾದ್ರೆ ನಾವೂ ಅದೇ ಲೆಕ್ಕ! ಕ್ರೈಸ್ತ ಧರ್ಮ ಬರೋಕೆ ಮುಂಚೆ ಯೂರೋಪಿನಲ್ಲಿದ್ದ ಪೂಜೆ ಪದ್ಧತಿಗಳನ್ನ ಈಗಿನ ಕಾಲದಲ್ಲಿ ಮತ್ತೆ ಹಿಡಿದವರು ಇವರು. ವರ್ಷಕ್ಕೆ ಎಂಟು ಹಬ್ಬ ಮಾಡ್ತಾರೆ. ಅದರಲ್ಲೊಂದು ಹಗಲು ರಾತ್ರಿ ಸಮ ಆಗೋ ಈ ದಿನ. ನಮ್ಮ ಪಂಚಾಂಗದ ಮಾತಲ್ಲಿ ವಿಷುವ. ಇದಕ್ಕೆ ಅವರಲ್ಲಿ ತುಂಬ ಜನ ಇಟ್ಕೊಂಡಿರೋ ಹೆಸರು ಓಸ್ಟಾರಾ.

ಈ ದಿನಕ್ಕೆ ಅಲ್ಲಿ ಯಾಕಷ್ಟು ಬೆಲೆ ಅಂತ ಮೊದಲು ನನಗೆ ಅರ್ಥ ಆಗ್ಲಿಲ್ಲ. ನಮ್ಮಲ್ಲಿ ಚಳಿಗಾಲದ ಹಗಲೂ ಹನ್ನೊಂದು ಗಂಟೆ ದಾಟುತ್ತೆ. ಮಾರ್ಚಿನಲ್ಲಿ ಹಗಲು ದಿನಕ್ಕೆ ಒಂದು ನಿಮಿಷವೂ ಬೆಳೆಯಲ್ಲ, ನಾವು ಗಮನಿಸೋದೂ ಇಲ್ಲ. ನಮಗೆ ಲೆಕ್ಕ ಮಳೆದು. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆ ತುಂಬಲ್ಲ. ಮಾರ್ಚಿನಲ್ಲಿ ದಿನಕ್ಕೆ ನಾಲ್ಕು ನಿಮಿಷದ ಹಂಗೆ ಹಗಲು ಏರುತ್ತೆ. ಒಂದು ವಾರಕ್ಕೆ ಹತ್ತತ್ರ ಅರ್ಧ ಗಂಟೆ! ಕೋಳಿ ಸಾಕಿರೋರಿಗೆ ಗೊತ್ತು, ಬೆಳಕು ಕಡಿಮೆಯಾದ್ರೆ ಕೋಳಿ ಮೊಟ್ಟೆ ನಿಲ್ಲಿಸುತ್ತೆ. ಶೆಡ್ಡಿಗೆ ಬಲ್ಬು ಹಾಕೋದು ಅದಕ್ಕೇ ತಾನೆ. ಬಲ್ಬಿಲ್ಲದ ಕಾಲದಲ್ಲಿ ಅಲ್ಲಿನ ರೈತನಿಗೆ ಚಳಿಗಾಲ ಕಳೆದು ಬುಟ್ಟಿಗೆ ಮತ್ತೆ ಮೊಟ್ಟೆ ಬೀಳ್ತಿದ್ದಿದ್ದೇ ವಸಂತಕ್ಕೆ. ಅದಕ್ಕೇ ಈ ಹಬ್ಬದಲ್ಲಿ ಮೊಟ್ಟೆ ಬೇಯಿಸಿ, ಈರುಳ್ಳಿ ಸಿಪ್ಪೆಯಂಥದ್ದರಲ್ಲಿ ಬಣ್ಣ ಕಟ್ಟಿ ಇಡ್ತಾರೆ. ಕುಂಡದಲ್ಲಿ ಬೀಜ ಊರ್ತಾರೆ, ಬೆಳಗಿನ ಜಾವ ಎದ್ದು ಹುಟ್ಟೋ ಸೂರ್ಯನನ್ನ ನೋಡ್ತಾರೆ.

ಇಷ್ಟೂ ಸಾವಿರಾರು ವರ್ಷದಿಂದ ಬಂದಿದ್ದು ಅಂದ್ಕೊಂಡಿದ್ದೆ. ಅಲ್ಲ.

ಓಸ್ಟಾರಾ ಅನ್ನೋ ಹೆಸರಿನ ಬೇರು ಹುಡುಕ್ತಾ ಹೋದ್ರೆ ಕೊನೆಗೆ ಸಿಗೋದು ಒಂದೆರಡು ಸಾಲು ಅಷ್ಟೆ. ಇಂಗ್ಲೆಂಡಿನ ಉತ್ತರದ ಒಂದು ಮಠದಲ್ಲಿ ಬೀಡ್ ಅನ್ನೋ ಸನ್ಯಾಸಿ ಇದ್ದ. 725ರಲ್ಲಿ ಕಾಲಗಣನೆ ಬಗ್ಗೆ ಪುಸ್ತಕ ಬರೆದ. ಅದರಲ್ಲಿ ತನ್ನ ಜನ ಹಿಂದೆ ತಿಂಗಳುಗಳಿಗೆ ಏನೇನು ಹೆಸರು ಕರೀತಿದ್ರು ಅಂತ ಪಟ್ಟಿ ಕೊಟ್ಟ. ಏಪ್ರಿಲ್ ಹೊತ್ತಿನ ತಿಂಗಳಿಗೆ ಈಯೊಸ್ಟ್ರೆ ಅನ್ನೋ ದೇವತೆಯ ಹೆಸರಿತ್ತು, ಆಗ ಅವಳಿಗೆ ಹಬ್ಬ ಮಾಡ್ತಿದ್ರು ಅಂತ ಬರೆದ. ಇಂಗ್ಲಿಷಿನ ಈಸ್ಟರ್ ಹೆಸರೂ ಅಲ್ಲಿಂದಲೇ ಬಂತು ಅಂತಾನೆ. ಮೊಟ್ಟೆ ಇಲ್ಲ, ಮೊಲ ಇಲ್ಲ, ಹಗಲು ರಾತ್ರಿ ಸಮದ ಮಾತೂ ಆ ಸಾಲಿನಲ್ಲಿಲ್ಲ.

ನನಗೆ ದೇವತೆಗಿಂತ ಆ ಪಟ್ಟಿಯೇ ಇಷ್ಟ ಆಯ್ತು. ಮೇ ತಿಂಗಳಿಗೆ ಮೂರು ಹಾಲಿನ ತಿಂಗಳು ಅನ್ನೋ ಅರ್ಥದ ಹೆಸರು. ಹೊಸ ಹುಲ್ಲು ಚಿಗುರಿ ಹಸುಗಳನ್ನ ದಿನಕ್ಕೆ ಮೂರು ಸಲ ಕರೀತಿದ್ರಂತೆ. ಆಗಸ್ಟ್ ಕಳೆ ತಿಂಗಳು. ಕಳೆ ಯಾರನ್ನೂ ಬಿಟ್ಟಿಲ್ಲ ನೋಡಿ! ನವೆಂಬರ್ ದನ ಕಡಿದು ದೇವರಿಗೆ ಒಪ್ಪಿಸೋ ತಿಂಗಳು. ದನ ಕಟ್ಟಿದವರ ಬಾಯಿಂದ ಬಂದ ಹೆಸರುಗಳಿವು, ಅದರಲ್ಲಿ ನನಗೆ ಅನುಮಾನ ಇಲ್ಲ.

ಆಮೇಲೆ ಸಾವಿರದ ನೂರು ವರ್ಷ ದಾಟಿ, 1835ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್, ಜಾನಪದ ಕತೆ ಸಂಗ್ರಹಿಸಿದ ಅಣ್ಣತಮ್ಮಂದಿರಲ್ಲಿ ಒಬ್ಬರು, ಜರ್ಮನ್ನರ ಪುರಾಣದ ಮೇಲೆ ದೊಡ್ಡ ಪುಸ್ತಕ ತಂದರು. ಹಳೇ ಜರ್ಮನ್ನಿನಲ್ಲೂ ಏಪ್ರಿಲ್ಲಿಗೆ ಅದೇ ಥರದ ಹೆಸರಿರೋದರಿಂದ ನಮ್ಮಲ್ಲೂ ಓಸ್ಟಾರಾ ಅಂತ ದೇವತೆ ಇದ್ದಿರಬೇಕು ಅಂತ ಊಹಿಸಿದರು. ಊಹೆ ಅಂತಾನೇ ಹೇಳಿ. ಪದದ ಮೂಲ ಪೂರ್ವ ದಿಕ್ಕು, ಬೆಳಗು. ನಮ್ಮ ಉಷಸ್ಸು ಅನ್ನೋ ಪದವೂ ಅದೇ ಬೇರಿನದು, ಇದು ಭಾಷೆ ಓದಿದವರು ಒಪ್ಪೋ ಮಾತು. 1958ರಲ್ಲಿ ಜರ್ಮನಿಯ ಮೊರ್ಕೆನ್ ಹಾರ್ಫ್ ಹತ್ತಿರ ಅದೇ ಬೇರಿನ ಹೆಸರಿರೋ ತಾಯಿ ದೇವತೆಗಳಿಗೆ ಹರಕೆ ಒಪ್ಪಿಸಿದ ರೋಮನ್ನರ ಕಾಲದ ಕಲ್ಲುಗಳು ಸಿಕ್ಕವು, ನೂರೈವತ್ತಕ್ಕೂ ಹೆಚ್ಚು. ಬೀಡ್ ಸುಳ್ಳು ಹೇಳಿರಲಿಕ್ಕಿಲ್ಲ ಅನ್ನೋದಕ್ಕೆ ಅಷ್ಟು ಬಲ ಬಂತು.

ಮೊಲದ ಕತೆ ಬೇರೆ. ದೇವತೆ ಒಂದು ಹಕ್ಕೀನ ಮೊಲ ಮಾಡಿದಳು, ಅದಕ್ಕೇ ಮೊಲ ಮೊಟ್ಟೆ ಇಡುತ್ತೆ ಅಂತ ಇವತ್ತು ಎಲ್ಲೆಡೆ ಹೇಳ್ತಾರೆ. ಈಸ್ಟರಿಗೆ ಮೊಲ ಮೊಟ್ಟೆ ತರುತ್ತೆ ಅನ್ನೋದನ್ನ 1682ರಲ್ಲೇ ಜರ್ಮನಿಯ ಒಬ್ಬ ವೈದ್ಯ ಬರೆದಿದ್ದಾನೆ, ಆದ್ರೆ ಅದರಲ್ಲಿ ದೇವತೆ ಇಲ್ಲ. ಮೊಲಕ್ಕೂ ದೇವತೆಗೂ ಗಂಟು ಹಾಕಿದ್ದು 1874ರಲ್ಲಿ ಇನ್ನೊಬ್ಬ ಪಂಡಿತನ ಊಹೆ. ಊಹೆ ಬಾಯಿಂದ ಬಾಯಿಗೆ ಹೋಗ್ತಾ ಪುರಾಣ ಆಗಿಹೋಯ್ತು.

ಹಬ್ಬ ಈಗಿನ ರೂಪಕ್ಕೆ ಬಂದಿದ್ದು ನಮ್ಮ ಅಪ್ಪಂದಿರ ಕಾಲದಲ್ಲಿ. ಜೆರಾಲ್ಡ್ ಗಾರ್ಡ್ನರ್ ಅಂತ ಒಬ್ಬ ಇಂಗ್ಲಿಷಿನವನು ಸಿಲೋನ್, ಮಲಯ ಕಡೆ ಟೀ, ರಬ್ಬರ್ ತೋಟಗಳಲ್ಲಿ ಇದ್ದು, ಆಮೇಲೆ ಮಲಯದಲ್ಲೇ ಸುಂಕದ ಕೆಲಸ ಮಾಡಿ 1936ರಲ್ಲಿ ನಿವೃತ್ತನಾದ. 1951ರಲ್ಲಿ ಅಲ್ಲಿನ ಹಳೇ ಮಾಟದ ಕಾನೂನು ರದ್ದಾಯ್ತು. 1954ರಲ್ಲಿ ಅವನು ಪುಸ್ತಕ ಬರೆದು ವಿಕ್ಕಾ ಅಂತ ಇವತ್ತು ಕರೆಯೋ ಪಂಥವನ್ನ ಬೆಳಕಿಗೆ ತಂದ. ಅವರಿಗೆ ಮೊದಲು ನಾಲ್ಕೇ ದೊಡ್ಡ ಹಬ್ಬ. 1958ರ ಹೊತ್ತಿಗೆ ಅವನ ಗುಂಪಿನವರು ಉಳಿದ ನಾಲ್ಕನ್ನೂ, ಅಂದ್ರೆ ಎರಡು ವಿಷುವ, ಎರಡು ಅಯನದ ದಿನಗಳನ್ನೂ ಅಷ್ಟೇ ಜೋರಾಗಿ ಮಾಡೋಣ ಅಂದ್ರು, ಎಂಟಾಯ್ತು. 1974ರಲ್ಲಿ ಅಮೆರಿಕದ ಏಡನ್ ಕೆಲ್ಲಿ ಕ್ಯಾಲೆಂಡರ್ ಮಾಡುವಾಗ, ವಸಂತದ ವಿಷುವಕ್ಕೆ ಒಂದು ಚೆಂದದ ಹೆಸರಿಲ್ಲವಲ್ಲ ಅಂತ ಓಸ್ಟಾರಾ ಅಂತ ಹಾಕಿದ. ನನಗಿಂತ ನಾಲ್ಕಾರು ವರ್ಷ ಚಿಕ್ಕದು ಆ ಹಬ್ಬದ ಹೆಸರು!

ಟವರ್ ಹಿಲ್ಲಿನ ಬಿಳೀ ಅಂಗಿಯವರು ಇನ್ನೊಂದು ಕವಲು, ಡ್ರೂಯಿಡರು. 1956ರಿಂದ ಅಲ್ಲಿ ಸೇರ್ತಿದ್ದಾರೆ. ಡ್ರೂಯಿಡರಲ್ಲಿ ಈ ಹಬ್ಬಕ್ಕೆ ಆಲ್ಬನ್ ಐಲಿರ್ ಅಂತಾರೆ. ಆ ಹೆಸರು ಬಂದಿದ್ದು ಇಯೋಲೋ ಮೊರ್ಗಾನುಗ್ ಅನ್ನೋ ವೇಲ್ಸಿನ ಕಲ್ಲುಕುಟಿಗನ ಕಾಗದಗಳಿಂದ. 1747ರಲ್ಲಿ ಹುಟ್ಟಿದವನು. ನಿಜವಾದ ಹಳೇ ಓಲೆ, ಪದ್ಯಗಳನ್ನ ಊರೂರು ಅಲೆದು ಕೂಡಿಸಿದ. ಅದರ ಜೊತೆಗೇ ತಾನೇ ಬರೆದಿದ್ದನ್ನೂ ಪೂರ್ವಿಕರದ್ದು ಅಂತ ಸೇರಿಸಿಬಿಟ್ಟ. 1792ರಲ್ಲಿ ಲಂಡನ್ನಿನ ಗುಡ್ಡದ ಮೇಲೆ ಕಲ್ಲಿಟ್ಟು ಸಭೆ ನಡೆಸಿದಾಗಲೂ ಇದು ಪುರಾತನ ಪದ್ಧತಿ ಅಂದ. ಯಾವುದು ಅಸಲಿ, ಯಾವುದು ಅವನ ಕೈಯದು ಅಂತ ಬಿಡಿಸೋಕೆ ವಿದ್ವಾಂಸರಿಗೆ ನೂರು ವರ್ಷದ ಮೇಲೆ ಹಿಡೀತು.

ಇಲ್ಲಿಗೆ ಬಂದಾಗ ನನ್ನ ಮುಳ್ಳು ಚುಚ್ಚಿತು.

ಟ್ರ್ಯಾಕ್ಟರ್ ಬಂದ ಮೇಲೆ ನಮ್ಮೂರಲ್ಲಿ ಯುಗಾದಿ ಹೊನ್ನಾರು ನಿಂತುಹೋಗಿತ್ತು. ನಾಲ್ಕು ವರ್ಷದ ಹಿಂದೆ ಮತ್ತೆ ಶುರು ಮಾಡಿಸಿದವನು ನಾನೇ. ಎತ್ತು ಇದ್ದಿದ್ದು ಎರಡೇ ಜೊತೆ. ಕೊಂಬಿಗೆ ಅರಿಶಿನ ಹಚ್ಚಿ ಹೊಲಕ್ಕೆ ಹೋದ ಮೇಲೆ ಹುಡುಗರು ಕೇಳಿದ್ರು, "ಎಷ್ಟು ಸುತ್ತು ಹೊಡೀಬೇಕು? ಯಾವ ಮುಖ?" ನನಗೆ ನೆನಪಿರಲಿಲ್ಲ. ಚಿಕ್ಕವನಿದ್ದಾಗ ಬದು ಮೇಲೆ ಕೂತು ಬೆಲ್ಲ ತಿಂದಿದ್ದು ಬಿಟ್ರೆ ಏನೂ ನೆನಪಿಲ್ಲ. "ಮೂರು ಸುತ್ತು, ಮೂಡಲ ಮುಖ, ನಮ್ಮಪ್ಪ ಹಿಂಗೇ ಮಾಡ್ತಿದ್ರು" ಅಂದುಬಿಟ್ಟೆ. ಅವತ್ತಿಂದ ಮೂರೇ ಸುತ್ತು. ಹೋದ ವರ್ಷ ಒಬ್ಬ ಹುಡುಗ ಎರಡಕ್ಕೆ ನಿಲ್ಲಿಸೋಕೆ ಹೋದ್ರೆ, ಇನ್ನೊಬ್ಬ "ತಲೆಮಾರಿಂದ ಮೂರು ಕಣೋ" ಅಂತ ಬೈದ. ನಾನು ಸುಮ್ಮನೆ ನಿಂತಿದ್ದೆ.

ಈಗಿನ ಪೇಗನ್ನರಲ್ಲಿ ನನಗೆ ಹಿಡಿಸಿದ್ದು ಇದೇ. ಬ್ರಿಸ್ಟಲಿನ ರೊನಾಲ್ಡ್ ಹಟನ್ ಅನ್ನೋ ಇತಿಹಾಸಕಾರರು 1999ರಲ್ಲಿ ವಿಕ್ಕಾ ಹುಟ್ಟಿದ್ದು ಇತ್ತೀಚೆಗೆ ಅಂತ ದಾಖಲೆ ಇಟ್ಟು ಬರೆದರು. ಕೆಲವರು ಸಿಟ್ಟಾದರು, ತುಂಬ ಜನ ಓದಿ ಒಪ್ಪಿಕೊಂಡರು, ಹಬ್ಬ ಬಿಡಲಿಲ್ಲ. ಹೊಸದು, ನಾವೇ ಕಟ್ಟಿಕೊಂಡಿದ್ದು, ಸೂರ್ಯ ಮಾತ್ರ ಹಳೇದು ಅನ್ನೋ ಧಾಟಿ. ಆಸ್ಟ್ರೇಲಿಯಾದಲ್ಲಿ ವಸಂತ ಬರೋದು ಸೆಪ್ಟೆಂಬರಿಗೆ ಅಂತ ಅಲ್ಲಿನವರು ಓಸ್ಟಾರಾವನ್ನ ಸೆಪ್ಟೆಂಬರಿಗೇ ಮಾಡ್ತಾರೆ. ತುಳುನಾಡಿನ ಬಿಸು ಹೆಸರಿಗೆ ವಿಷುವವೇ, ಆದ್ರೆ ಬರೋದು ಏಪ್ರಿಲ್ 14ರ ಆಸುಪಾಸು. ನಮ್ಮ ಲೆಕ್ಕ ನಕ್ಷತ್ರದ್ದು, ವಿಷುವ ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ ಹಿಂದೆ ಸರಿದು ಈಗ ಮೂರು ವಾರದ ಮೇಲೆ ದೂರ ಹೋಗಿದೆ. ಅದನ್ನ ಸರಿಮಾಡಿ ಅಂತ ನಾನೇನೂ ಹೇಳ್ತಿಲ್ಲ.

ನಮ್ಮೂರಿನವರು ಇದನ್ನ ಓದ್ತಿದ್ರೆ ಕೇಳಿ. ಮೂರು ಸುತ್ತು ನಮ್ಮಪ್ಪ ಹೇಳಿದ್ದಲ್ಲ, ನಾನು ಹೇಳಿದ್ದು. ಅಪ್ಪನ ಜೊತೆ ಹೊನ್ನಾರು ಹೂಡಿದವರು ಪಕ್ಕದ ಹಟ್ಟಿಯಲ್ಲಿ ಇನ್ನೂ ಒಬ್ಬ ಅಜ್ಜ ಇದ್ದಾರೆ, ಕಿವಿ ಸ್ವಲ್ಪ ಮಂದ. ಈ ಭಾನುವಾರ ಹೋಗಿ ಕೇಳ್ಕೊಂಡು ಬರ್ತೀನಿ, ಬರೋರು ಬನ್ನಿ. ಹಂಗೇ ಯಾರ ಅಟ್ಟದ ಮೇಲಾದ್ರೂ ಮರದ ನೇಗಿಲು ಗಟ್ಟಿಯಾಗಿದ್ರೆ ತಿಳಿಸಿ, ನಮ್ಮನೇದಕ್ಕೆ ಗೆದ್ದಲು ಹಿಡಿದಿದೆ.