‘ಮಾಮೂಲು ದಾರಿ’: ಕೆಂಕೆರೆ ಸೀಮೆಯ ಭೂಪತ್ರಗಳಲ್ಲಿ ಒಂದು ಅಸ್ಪಷ್ಟ ಹಕ್ಕು

ಹಳೆಯ ಮೈಸೂರು ಸೀಮೆಯ ಕ್ರಯಪತ್ರ, ವಿಭಾಗಪತ್ರಗಳನ್ನು ಪರಿಶೀಲಿಸುವವರಿಗೆ ‘ಮಾಮೂಲು ದಾರಿ’, ‘ರೂಢಿಯ ಓಡಾಟ’ ಎಂಬ ಮಾತುಗಳು ಪರಿಚಿತವಾದವು. ನಾಲ್ಕು ದಿಕ್ಕಿನ ಚೆಕ್ಕುಬಂದಿಯನ್ನು ತಪ್ಪದೆ ಬರೆಯುವ ಪತ್ರಲೇಖಕನೇ, ನೆರೆಯವನ ನೆಲದ ಮೇಲೆ ಹಾದುಹೋಗುವ ಹಕ್ಕಿನ ವಿಷಯಕ್ಕೆ ಬಂದಾಗ ದಾರಿಯ ಅಗಲವನ್ನಾಗಲಿ, ಜಾಡನ್ನಾಗಲಿ, ಅದು ಕಾಲುನಡಿಗೆಗೋ ಬಂಡಿಗೋ ಎಂಬುದನ್ನಾಗಲಿ ಹೇಳದೆ ಬಿಡುವುದುಂಟು. ಈ ಮೌನಕ್ಕೆ ಕಾರಣವೇನು, ಅದರಿಂದ ಒದಗಿದ ತೊಡಕು ಯಾವುದು ಎಂಬುದನ್ನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆಯಂಥ ತೆಂಗಿನ ಸೀಮೆಯ ಗ್ರಾಮವನ್ನು ಕಣ್ಣ ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಮೌನ ಇಂದಿನದಲ್ಲ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಭೂಮಿಯೊಡನೆ ಕೊಡುವ ಅಷ್ಟಭೋಗಗಳೆಂದರೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯಗಳು. ದಾರಿಯೆಂಬುದು ಈ ಎಂಟರಲ್ಲಿ ಇಲ್ಲ. ಶಾಸನಗಳಲ್ಲಿ ಎಲ್ಲೆಯನ್ನು ಗುರುತಿಸಲು ಬಂಡೆ, ಮರ, ಹಳ್ಳಗಳಂತೆ ದಾರಿಯೂ ಬರುತ್ತದೆಯೇ ಹೊರತು, ಭೋಗಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಹಾದುಹೋಗುವುದು ಊರಿನ ನೆನಪಿಗೆ ಬಿಟ್ಟ ವಿಷಯವಾಗಿತ್ತೆಂದು ನಮಗೆ ತೋರುತ್ತದೆ.

1863ರಲ್ಲಿ ಬೌರಿಂಗ್ ಕಮಿಷನರಾಗಿದ್ದಾಗ ಮೈಸೂರಿನಲ್ಲಿ ಬೊಂಬಾಯಿ ಪದ್ಧತಿಯಂತೆ ಭೂಮಾಪನ ಮೊದಲಾಯಿತು. 33 ಅಡಿಯ ಸರಪಳಿಯಿಂದ ಅಳೆದ ಪ್ರತಿ ಹೊಲಕ್ಕೂ ನಂಬರು ಬಂದಿತು. ಊರಿಂದೂರಿಗೆ ಹೋಗುವ ಬಂಡಿದಾರಿ, ಕಾಲುದಾರಿಗಳು ನಕಾಶೆಯಲ್ಲಿ ಚುಕ್ಕಿಗೆರೆಗಳಾದುವು. ಸಾರ್ವಜನಿಕ ದಾರಿಗೆ ಹೋದ ನೆಲವನ್ನು ಖರಾಬೆಂದು ಕಳೆದು ಕಂದಾಯದಿಂದ ಬಿಡಲಾಯಿತು. ಆದರೆ ಮಾಪನದ ಗುರಿ ಕಂದಾಯ. ಒಬ್ಬ ರೈತ ತನ್ನ ಹೊಲವನ್ನು ಮುಟ್ಟಲು ಇನ್ನೊಬ್ಬನ ಹೊಲದಲ್ಲಿ ತುಳಿಯುವ ಜಾಡು ಕಂದಾಯವನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ. ಹೀಗಿರಲು ಅದು ನಕಾಶೆಗೆ ಬರದೆ ಪತ್ರದ ಎರಡು ಮಾತುಗಳಲ್ಲಿಯೇ ಉಳಿಯಿತು.

ಖುಷ್ಕಿ ಬೇಸಾಯದ ಕಾಲದಲ್ಲಿ ಈ ಎರಡು ಮಾತು ಸಾಕಾಗಿತ್ತು. ರಾಗಿಯ ಹೊಲದಲ್ಲಿ ಪೈರು ನಿಂತಿರುವಾಗ ಬದುವಿನ ಮೇಲೆ ನಡೆದು, ಕೊಯ್ಲಾದ ಮೇಲೆ ಬಂಡಿಯನ್ನು ಓರೆಯಾಗಿ ಹೊಡೆದುಕೊಂಡು ಹೋಗುತ್ತಿದ್ದರು. ಜಾಡು ಋತುವಿಗೆ ತಕ್ಕಂತೆ ಸರಿಯುತ್ತಿತ್ತು. ಇದನ್ನು ಅಡಿಗಳಲ್ಲಿ ಬರೆಯಹೊರಟರೆ ಇಬ್ಬರಿಗೂ ನಷ್ಟ. ಆದುದರಿಂದ ಅಸ್ಪಷ್ಟತೆಯನ್ನು ಲೇಖಕನ ಅಜಾಗರೂಕತೆಯೆಂದು ತಳ್ಳಿಹಾಕುವುದು ಸರಿಯಲ್ಲ. ಅದು ಅಂದಿನ ಬೇಸಾಯಕ್ಕೆ ಹೊಂದಿದ ಭಾಷೆ.

ಹೊಲ ತೋಟವಾದಾಗ ಸ್ಥಿತಿ ಬದಲಾಯಿತು. ತೆಂಗಿನ ಸಸಿಯನ್ನು ಸುಮಾರು 30 ಅಡಿ ಅಂತರದಲ್ಲಿ ನೇರ ಸಾಲಾಗಿ ನೆಡುತ್ತಾರೆ. ಸುತ್ತ ಬೇಲಿ, ನಡುವೆ ನೀರಿನ ಕಾಲುವೆ, ಮರಗಳ ಮಧ್ಯೆ ಬಾಳೆ ಅಡಕೆ ಬರುತ್ತವೆ. ಓರೆಜಾಡಿಗೆ ಎಡೆಯಿಲ್ಲ. ಸ್ಥಳೀಯ ಎತ್ತರದ ತಳಿಯ ಮರ 60 ವರ್ಷಕ್ಕೂ ಮೀರಿ ಬಾಳುವುದರಿಂದ, ಇಂದು ಅಡ್ಡವಾಗಿ ನೆಟ್ಟ ಸಸಿ ಪತ್ರಕ್ಕೆ ರುಜು ಮಾಡಿದವರ ಆಯುಸ್ಸಿಗಿಂತ ಹೆಚ್ಚು ಕಾಲ ದಾರಿಯನ್ನು ಕಟ್ಟುತ್ತದೆ. ಒಳಗಿನ ತೋಟದವನಿಗಾದರೋ ಕಾಯಿಯನ್ನು ಅಟ್ಟಕ್ಕೆ ಸಾಗಿಸಿ ಉಂಡೆಕೊಬ್ಬರಿ ಮಾಡಲು ಬಂಡಿಯೇ ಬೇಕು. 330 ಅಡಿ ಉದ್ದದ ದಾರಿ 3 ಅಡಿ ಅಗಲವಿದ್ದರೆ ಒಂದು ಗುಂಟೆಗೂ ಕಡಮೆ. 10 ಅಡಿಯಾದರೆ ಮೂರು ಗುಂಟೆಯನ್ನು ಮೀರುತ್ತದೆ. ಎರಡೂ ‘ಮಾಮೂಲು ದಾರಿ’ಯೆ. ವಿವಾದವೆಲ್ಲ ಈ ಎರಡರ ನಡುವಣ ನೆಲದ್ದು.

ಈಸ್‌ಮೆಂಟ್ ಎಂದು ನ್ಯಾಯಾಲಯಗಳು ಕರೆಯುವ ಈ ಅನುಭೋಗದ ಹಕ್ಕನ್ನು ಕುರಿತ 1882ರ ಅಧಿನಿಯಮ ಇಂಥ ಮೌನವನ್ನು ತುಂಬಲು ಯತ್ನಿಸಿದೆ. ಅದರ 13ನೆಯ ಪ್ರಕರಣದಂತೆ, ಪಾಲಿನಿಂದಾಗಿ ಒಳಗೆ ಸಿಕ್ಕಿಕೊಂಡ ನೆಲಕ್ಕೆ ಅವಶ್ಯಕತೆಯ ದಾರಿ ಬರೆಯದಿದ್ದರೂ ಲಭಿಸುತ್ತದೆ. 41ನೆಯದರಂತೆ ಅವಶ್ಯಕತೆ ತೀರಿದಾಗ ಆ ಹಕ್ಕೂ ತೀರುತ್ತದೆ. 15ನೆಯದು 20 ವರ್ಷಗಳ ಅಡೆತಡೆಯಿಲ್ಲದ ಬಹಿರಂಗ ಅನುಭೋಗವನ್ನು ಹಕ್ಕೆಂದು ಮನ್ನಿಸುತ್ತದೆ. ಪ್ರಕೃತಕ್ಕೆ ಮುಖ್ಯವಾದುದು 28ನೆಯದು: ಹಕ್ಕಿನ ವ್ಯಾಪ್ತಿಯನ್ನು ಉಭಯರ ಸಂಭಾವ್ಯ ಉದ್ದೇಶದಿಂದ ನಿರ್ಣಯಿಸಬೇಕು, ಬೇರೆ ಸಾಕ್ಷ್ಯವಿಲ್ಲದಾಗ ಒಂದು ಬಗೆಯ ದಾರಿಯ ಹಕ್ಕು ಇನ್ನೊಂದು ಬಗೆಯದನ್ನು ಒಳಗೊಳ್ಳುವುದಿಲ್ಲ. ಎಂದರೆ ನಡೆಯುವ ಹಕ್ಕುಳ್ಳವನು ಅಷ್ಟರಿಂದಲೇ ಬಂಡಿ ಹೊಡೆಯಲಾರ. ಇತ್ತ 22ನೆಯದು ನೆಲದೊಡೆಯನಿಗೂ ಆಸರೆ ಕೊಟ್ಟಿದೆ: ಇನ್ನೊಬ್ಬನಿಗೆ ಹಾನಿಯಾಗದಂತಿದ್ದರೆ, ದಾರಿಯನ್ನು ತನ್ನ ನೆಲದ ಒಂದು ಗೊತ್ತಾದ ಭಾಗಕ್ಕೆ ಸೀಮಿತಗೊಳಿಸೆಂದು ಅವನು ಕೇಳಬಹುದು. ಓರೆಜಾಡನ್ನು ಬೇಲಿಯಂಚಿಗೆ ಸರಿಸಲು ಇದಕ್ಕಿಂತ ಉಚಿತವಾದ ಆಧಾರ ಬೇರೊಂದಿಲ್ಲ.

ಆದರೆ ಸಂಭಾವ್ಯ ಉದ್ದೇಶವನ್ನು ಯಾರು ಹೇಳಬೇಕು? ಕಲ್ಯಾಣದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಸೀಮಾವಿವಾದ ಪ್ರಕರಣದಲ್ಲಿ ವ್ಯಾಖ್ಯಾನಿಸುವ ವಿಧಿಯಂತೆ, ನೆರೆಯ ಗ್ರಾಮದವರು, ವೃದ್ಧರು, ಗೋಪಾಲಕರು ಎಲ್ಲೆಯನ್ನು ನಿರ್ಣಯಿಸಬೇಕು. ದಾರಿಗೂ ಕೊನೆಗೆ ಅಂಥವರ ನೆನಪೇ ಸಾಕ್ಷಿ. ಆ ವೃದ್ಧರು ಇರುವಾಗಲೇ, ಇಬ್ಬರು ನೆರೆಯವರೂ ಕೂಡಿ ಅಗಲವನ್ನೂ ಜಾಡನ್ನೂ ಬಗೆಯನ್ನೂ ಕಾಗದಕ್ಕಿಳಿಸಿ ರಿಜಿಸ್ಟರು ಮಾಡಿಸುವುದು ಶ್ರೇಯಸ್ಕರ. ‘ಮಾಮೂಲು’ ಎಂಬ ಮಾತಿನ ಅರ್ಥ ಬಲ್ಲವರು ತೀರಿಕೊಂಡ ಮೇಲೆ ಆ ಮಾತು ಉಳಿಯುತ್ತದೆ, ದಾರಿ ಉಳಿಯುವುದಿಲ್ಲ.