ಖಡ್ಗ ಯಾವ ಕೈಯಲ್ಲಿ, ಪಿಸ್ತೂಲು ಯಾವ ಕೈಯಲ್ಲಿ?



ಈ ಲೇಖನದ ತಲೆಬರಹವನ್ನು ನೋಡಿ ತಾವು ನಗಬಹುದು. ಶಾಲೆಯ ಮೇಷ್ಟ್ರಿಗೂ ಖಡ್ಗ ಪಿಸ್ತೂಲುಗಳಿಗೂ ಏನು ಸಂಬಂಧ ಎಂದು ಕೇಳಲೂಬಹುದು. ನಿಜ ಹೇಳಬೇಕೆಂದರೆ ಈ ಪ್ರಶ್ನೆ ನನ್ನದಲ್ಲ, ಏಳನೆಯ ತರಗತಿಯ ಒಬ್ಬ ಹುಡುಗನದು. ಶಾಲಾ ವಾರ್ಷಿಕೋತ್ಸವಕ್ಕೆ ಟಿಪ್ಪು ಸುಲ್ತಾನರ ಕುರಿತು ಒಂದು ಕಿರುನಾಟಕವನ್ನು ಕಲಿಸುತ್ತಿದ್ದೆ. ಸುಲ್ತಾನರ ಪಾತ್ರ ಮಾಡುತ್ತಿದ್ದ ಹುಡುಗ ರಟ್ಟಿನ ಖಡ್ಗವನ್ನು ಎಡಗೈಯಿಂದ ಎಳೆದ. ನಾನು ಅಭ್ಯಾಸ ನಿಲ್ಲಿಸಿ, "ಖಡ್ಗ ಬಲಗೈಲಿ ಹಿಡಿಯೋ, ಎಡಗೈಲಿ ಯಾರಾದರೂ ಹಿಡೀತಾರಾ?" ಎಂದು ಗದರಿದೆ. ಅವನು ಖಡ್ಗವನ್ನು ಬಲಗೈಗೆ ಬದಲಾಯಿಸಿಕೊಂಡು, ತಲೆ ತಗ್ಗಿಸಿಯೇ ಕೇಳಿದ: "ಹಾಗಾದರೆ ಪಿಸ್ತೂಲು ಯಾವ ಕೈಲಿ ಸರ್?"

ನನ್ನಲ್ಲಿ ಉತ್ತರವಿರಲಿಲ್ಲ. "ನಾಳೆ ಹೇಳ್ತೀನಿ" ಎಂದೆ. ಮೇಷ್ಟ್ರುಗಳ "ನಾಳೆ" ಎಂಥದೆಂದು ತಮಗೆ ಗೊತ್ತೇ ಇದೆ. ಆದರೆ ಈ ಸಲ ನಾನು ನಿಜವಾಗಿಯೂ ಪುಸ್ತಕಗಳನ್ನು ಹುಡುಕಿದೆ. ಸಿಕ್ಕ ಉತ್ತರ ನಾಟಕದ ಒಂದು ದೃಶ್ಯಕ್ಕಿಂತ ದೊಡ್ಡದಾಗಿತ್ತು. ಅದನ್ನೇ ಇಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ಕುದುರೆಯ ಮೇಲೆ ಕೈಗಳೆಷ್ಟು?

ಮೊದಲು ಒಂದು ಲೆಕ್ಕ ಮಾಡೋಣ. ಕುದುರೆ ಸವಾರನಿಗೆ ಕೈ ಎರಡು, ಕೆಲಸ ಮೂರು. ಲಗಾಮು ಹಿಡಿಯಬೇಕು, ಶತ್ರುವನ್ನು ಹೊಡೆಯಬೇಕು, ತನ್ನ ಮೈಯನ್ನು ಕಾಯ್ದುಕೊಳ್ಳಬೇಕು. ಮೊಗಲರ ಮತ್ತು ದಖ್ಖನಿ ಸುಲ್ತಾನರ ಕಾಲದ ಸವಾರರು ಬಲಗೈಯಲ್ಲಿ ಖಡ್ಗ ಅಥವಾ ಭರ್ಜಿ ಹಿಡಿಯುತ್ತಿದ್ದರು. ಎಡಗೈಗೆ ಲಗಾಮು, ಅದೇ ಎಡ ತೋಳಿಗೆ ಗುರಾಣಿ. ಬಿಲ್ಲನ್ನು ಬಳಸುವಾಗ ಎರಡೂ ಕೈ ಬೇಕಾಗುತ್ತಿತ್ತು. ಆಗ ಸವಾರ ಲಗಾಮನ್ನು ಸಡಿಲ ಬಿಟ್ಟು, ಮೊಣಕಾಲಿನ ಒತ್ತಡದಿಂದಲೇ ಕುದುರೆಯನ್ನು ನಡೆಸುತ್ತಿದ್ದ. ಇದಕ್ಕೆ ಚಿಕ್ಕಂದಿನಿಂದಲೇ ಅಭ್ಯಾಸ ಬೇಕು.

ಬಂದೂಕು ಬಂದಾಗ ಸವಾರನಿಗೆ ಹೊಸ ತೊಂದರೆ ಎದುರಾಯಿತು. ಆರಂಭದ ಬಂದೂಕಿಗೆ ಉರಿಯುವ ಬತ್ತಿ ಬೇಕಿತ್ತು. ಉರ್ದುವಿನಲ್ಲಿ ಈ ಬತ್ತಿಗೆ ತೋಡಾ ಎಂದು ಹೆಸರು, ಆದ್ದರಿಂದಲೇ ಅಂಥ ಬಂದೂಕು ತೋಡೇದಾರ್ ಬಂದೂಕು. ಓಡುವ ಕುದುರೆಯ ಮೇಲೆ ಕುಳಿತು, ಒಂದು ಕಡೆ ಉರಿಯುವ ಬತ್ತಿ, ಇನ್ನೊಂದು ಕಡೆ ಮದ್ದು, ನಡುವೆ ಲಗಾಮು ಎಂದರೆ ಎಷ್ಟು ಕಷ್ಟವೆಂದು ತಾವೇ ಊಹಿಸಿ. ಹದಿನಾರನೆಯ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಬತ್ತಿಯಿಲ್ಲದೆ ಹಾರುವ ಹೊಸ ಯಂತ್ರ ಬಂತು. ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಸ್ಪ್ರಿಂಗಿಗೆ ಕೀಲಿ ಕೊಟ್ಟರೆ, ಕುದುರೆ ಎಳೆದಾಗ ಒಂದು ಉಕ್ಕಿನ ಚಕ್ರ ತಿರುಗಿ ಕಲ್ಲಿಗೆ ಉಜ್ಜಿ ಕಿಡಿ ಹಾರಿಸುತ್ತಿತ್ತು. ಇದು ಬಹಳ ದುಬಾರಿ ಯಂತ್ರ. ಆದರೆ ಒಂದೇ ಕೈಯಲ್ಲಿ ಹಿಡಿದು ಹಾರಿಸಬಹುದಾದ ಪಿಸ್ತೂಲು ಸವಾರನ ಆಯುಧವಾದದ್ದು ಇದರಿಂದಲೇ. ಮುಂದೆ ಹದಿನೇಳನೆಯ ಶತಮಾನದಲ್ಲಿ ಇದಕ್ಕಿಂತ ಸರಳವೂ ಅಗ್ಗವೂ ಆದ ಚಕಮಕಿ ಕಲ್ಲಿನ ಪಿಸ್ತೂಲು ಎಲ್ಲೆಡೆ ಹರಡಿತು.

ಹಾಗಾದರೆ ಯುರೋಪಿನ ಸವಾರ ಯಾವುದನ್ನು ಯಾವ ಕೈಯಲ್ಲಿ ಹಿಡಿದ? ಚಲನಚಿತ್ರಗಳಲ್ಲಿ ಒಂದು ಕೈಯಲ್ಲಿ ಖಡ್ಗ, ಇನ್ನೊಂದು ಕೈಯಲ್ಲಿ ಪಿಸ್ತೂಲು ಹಿಡಿದು ನುಗ್ಗುವ ವೀರರನ್ನು ನಾವು ನೋಡಿದ್ದೇವೆ. ಅವರ ಲಗಾಮು ಯಾರ ಕೈಯಲ್ಲಿರುತ್ತದೋ ತಿಳಿಯದು! ನಿಜವಾದ ಸೈನ್ಯದಲ್ಲಿ ಎಡಗೈ ಲಗಾಮಿನ ಕೈ. ಆದ್ದರಿಂದ ಪಿಸ್ತೂಲೂ ಬಲಗೈಗೆ, ಖಡ್ಗವೂ ಬಲಗೈಗೆ, ಒಂದಾದ ಮೇಲೆ ಒಂದು. ಜೀನಿನ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ತೊಗಲಿನ ಚೀಲದಲ್ಲಿ ಎರಡು ಪಿಸ್ತೂಲು ಇರುತ್ತಿದ್ದವು. ಖಡ್ಗದ ಹಿಡಿಗೆ ಒಂದು ತೊಗಲಿನ ಕುಣಿಕೆ ಇರುತ್ತಿತ್ತು. ಅದನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡರೆ ಖಡ್ಗ ಬಲಗೈಯಿಂದ ನೇತಾಡುತ್ತಿತ್ತು, ಬೆರಳುಗಳು ಪಿಸ್ತೂಲಿಗೆ ಬಿಡುವಾಗುತ್ತಿದ್ದವು. ಗುಂಡು ಹಾರಿಸಿದ ಮೇಲೆ ಪಿಸ್ತೂಲನ್ನು ಚೀಲಕ್ಕೆ ತುರುಕಿ, ನೇತಾಡುವ ಖಡ್ಗವನ್ನು ಮತ್ತೆ ಮುಷ್ಟಿಗೆ ತಂದುಕೊಳ್ಳುವುದು.

ಎರಡರಲ್ಲಿ ಮುಖ್ಯ ಯಾವುದು ಎಂಬ ಬಗ್ಗೆ ಸೇನಾಪತಿಗಳು ನೂರು ವರ್ಷ ಜಗಳವಾಡಿದರು. ಹದಿನಾರನೆಯ ಶತಮಾನದ ಜರ್ಮನ್ ಸವಾರರು ಸಾಲು ಸಾಲಾಗಿ ಶತ್ರುವಿನ ಹತ್ತಿರ ಬಂದು, ಪಿಸ್ತೂಲು ಹಾರಿಸಿ, ಹೊರಳಿ ಹಿಂದಕ್ಕೆ ಹೋಗಿ ಮತ್ತೆ ಮದ್ದು ತುಂಬಿಕೊಳ್ಳುತ್ತಿದ್ದರು. 1632ರಲ್ಲಿ ಲ್ಯೂಟ್ಜೆನ್ ಕದನದಲ್ಲಿ ಮಡಿದ ಸ್ವೀಡನ್ನಿನ ದೊರೆ ಗುಸ್ತಾವಸ್ ಅಡಾಲ್ಫಸ್ ಇದನ್ನು ಒಪ್ಪಲಿಲ್ಲ. ಹತ್ತಿರ ಹೋದಾಗ ಒಮ್ಮೆ ಹಾರಿಸಿ, ಆಮೇಲೆ ಖಡ್ಗ ಹಿಡಿದು ನುಗ್ಗಿ ಎಂದು ತನ್ನ ಸವಾರರಿಗೆ ಕಲಿಸಿದ. ಒಂದೇ ಗುಂಡಿನ ಪಿಸ್ತೂಲು ಕೆಲವು ಹೆಜ್ಜೆ ದೂರಕ್ಕಷ್ಟೇ ನಂಬಿಕೆಯ ಆಯುಧ, ಹಾರಿದ ಮೇಲೆ ಅದು ಬರಿಯ ಕಬ್ಬಿಣ ಮತ್ತು ಮರ.

ನೆಲದ ಮೇಲೆ ಮತ್ತು ಹಡಗಿನ ಮೇಲೆ ಲೆಕ್ಕ ಬೇರೆ. ಅಲ್ಲಿ ಲಗಾಮಿಲ್ಲ, ಎಡಗೈ ಖಾಲಿ. ಶತ್ರುವಿನ ಹಡಗಿಗೆ ಹಾರುವ ನಾವಿಕ ಖಡ್ಗವನ್ನು ಪಳಗಿದ ಕೈಗೆ, ಪಿಸ್ತೂಲನ್ನು ಇನ್ನೊಂದು ಕೈಗೆ ಕೊಡಬಹುದಿತ್ತು. ಕಾರಣ ಸರಳವಾಗಿದೆ. ಖಡ್ಗಕ್ಕೆ ಮಣಿಕಟ್ಟಿನ ವಿದ್ಯೆ ಬೇಕು, ಕೈಯಳತೆಯಲ್ಲಿರುವ ಶತ್ರುವಿಗೆ ಗುಂಡು ಹಾರಿಸಲು ಅಷ್ಟು ವಿದ್ಯೆ ಬೇಡ.

ಬಲಗೈಗಾಗಿ ಹುಟ್ಟಿದ ಬಂದೂಕು

ಇಲ್ಲಿ ಒಂದು ಸೂಕ್ಷ್ಮವಿದೆ. ಚಕಮಕಿ ಪಿಸ್ತೂಲಿನ ಕಲ್ಲು ಹಿಡಿಯುವ ಭಾಗಕ್ಕೆ ಉರ್ದುವಿನಲ್ಲಿ ಘೋಡಾ ಎನ್ನುತ್ತೇವೆ, ಕನ್ನಡದಲ್ಲಿಯೂ ಕುದುರೆಯೇ. ಈ ಕುದುರೆ, ಅದು ಬಡಿಯುವ ಉಕ್ಕು, ಕೆಳಗಿರುವ ಮದ್ದಿನ ಬಟ್ಟಲು, ಇವೆಲ್ಲ ಸಾಮಾನ್ಯವಾಗಿ ಪಿಸ್ತೂಲಿನ ಬಲ ಮಗ್ಗುಲಲ್ಲಿರುತ್ತವೆ. ಬಲಗೈಯಲ್ಲಿ ಹಿಡಿದರೆ ಬಟ್ಟಲಿನ ಬೆಂಕಿ ಮೈಯಿಂದ ಹೊರಗಡೆಗೆ ಚಿಮ್ಮುತ್ತದೆ. ಅದೇ ಪಿಸ್ತೂಲನ್ನು ಎಡಗೈಯಲ್ಲಿ ಹಿಡಿದರೆ ಬೆಂಕಿಯ ಮಗ್ಗುಲು ಒಳಕ್ಕೆ, ಅಂದರೆ ನಮ್ಮ ಎದೆ ಮುಖಗಳ ಕಡೆಗೆ ಬರುತ್ತದೆ. ಪಿಸ್ತೂಲು ಹಾರುವುದೇನೋ ಹಾರುತ್ತದೆ. ಆದರೆ ಅದನ್ನು ಮಾಡಿದವನು ಎಡಗೈಯನ್ನು ನೆನೆಸಿಕೊಂಡಿರಲಿಲ್ಲ, ಅಷ್ಟೇ. ಲೋಕದ ಬಹುಪಾಲು ವಸ್ತುಗಳು ಹೀಗೆಯೇ ಬಲಗೈಗಾಗಿ ಹುಟ್ಟಿವೆ. ಕತ್ತರಿಯಿಂದ ಹಿಡಿದು ಕಾಲೇಜಿನ ಹಲಗೆ ಜೋಡಿಸಿದ ಕುರ್ಚಿಯವರೆಗೆ ಎಣಿಸಿ ನೋಡಿ.

ಶ್ರೀರಂಗಪಟ್ಟಣದ ಜೋಡಿ

ಈಗ ನಮ್ಮ ನಾಡಿಗೆ ಬರೋಣ. ಮೈಸೂರಿನ ಕುದುರೆ ಸೈನ್ಯ ಹೈದರ್ ಅಲಿಯವರ ಕಾಲದಿಂದಲೇ ಹೆಸರಾಗಿತ್ತು. ಟಿಪ್ಪು ಸುಲ್ತಾನರ ಸೈನ್ಯದಲ್ಲಿ ಸರಕಾರವೇ ಕುದುರೆ ಕೊಟ್ಟು ಸಾಕುತ್ತಿದ್ದ ಅಸ್ಕರ್ ಸವಾರರೂ, ಸ್ವಂತ ಕುದುರೆ ತರುತ್ತಿದ್ದ ಸಿಲಹದಾರರೂ ಇದ್ದರು. ಸೈನ್ಯದ ಶಿಸ್ತಿಗಾಗಿ ಸುಲ್ತಾನರು ಜೈನುಲ್ ಆಬಿದೀನ್ ಶುಸ್ತರಿಯವರಿಂದ ಫತ್ಹುಲ್ ಮುಜಾಹಿದೀನ್ ಎಂಬ ಫಾರ್ಸಿ ಕೈಪಿಡಿಯನ್ನೇ ಬರೆಸಿದರು. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಕೋವಿ ಪಿಸ್ತೂಲುಗಳು ತಯಾರಾಗುತ್ತಿದ್ದವು. 1788ರಲ್ಲಿ ಸುಲ್ತಾನರ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ಕಂಡಾಗ ಕೇಳಿದ್ದರಲ್ಲಿ ಕುಶಲ ಕಸಬುದಾರರನ್ನು ಕಳಿಸಿಕೊಡಿ ಎಂಬುದೂ ಒಂದು.

ಈ ಕಾರ್ಖಾನೆಗಳಿಂದ ಸುಲ್ತಾನರ ಸ್ವಂತ ಬಳಕೆಗೆಂದು ಹೊರಬಂದ ಬೆಳ್ಳಿ ಕಟ್ಟಿನ ಪಿಸ್ತೂಲುಗಳಲ್ಲಿ ಕೆಲವು ಜೋಡಿಗಳು ಇಂದಿಗೂ ಉಳಿದಿವೆ. ಹುಲಿಯ ಮುಖ, ಹುಲಿಯ ಪಟ್ಟೆ, ಹೈದರ್ ಎಂಬ ಮುದ್ರೆ ಇವು ಆ ಆಯುಧಗಳ ಗುರುತು. ಇವುಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೊಂದಿದೆ. ಜೋಡಿಯಲ್ಲಿ ಒಂದು ಪಿಸ್ತೂಲಿನ ಕುದುರೆ ಬಲ ಮಗ್ಗುಲಿಗಿದ್ದರೆ, ಇನ್ನೊಂದರದು ಎಡ ಮಗ್ಗುಲಿಗೆ! ಕನ್ನಡಿಯಲ್ಲಿ ಕಂಡ ಬಿಂಬದಂತೆ ಒಂದಕ್ಕೊಂದು ಎದುರುಬದುರು. ಒಂದು ಬಲಗೈಗಾಗಿ, ಒಂದು ಎಡಗೈಗಾಗಿ. ಯುರೋಪಿನಲ್ಲಿಯೂ ಪಿಸ್ತೂಲುಗಳನ್ನು ಜೋಡಿಯಾಗಿಯೇ ಮಾಡುತ್ತಿದ್ದರು. ಆದರೆ ಅಲ್ಲಿ ಸಾಮಾನ್ಯವಾಗಿ ಎರಡೂ ಬಲ ಮಗ್ಗುಲಿನವೇ. ಎಡಗಡೆಯ ಕುದುರೆ ಮಾಡಬೇಕೆಂದರೆ ಒಳಗಿನ ಸ್ಪ್ರಿಂಗು, ಕೊಕ್ಕೆ ಎಲ್ಲವನ್ನೂ ತಿರುವುಮುರುವಾಗಿ ತಿದ್ದಬೇಕು. ಪಟ್ಟಣದ ಕಮ್ಮಾರರು ಆ ಎರಡರಷ್ಟು ಕಷ್ಟವನ್ನು ತೆಗೆದುಕೊಂಡಿದ್ದರು.

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ಇದರ ಜೊತೆಗೆ ಇನ್ನೊಂದು ವಿಷಯ ನೆನಪಾಯಿತು. ಉರ್ದು ಲಿಪಿ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ಮಾತ್ರ ನಾವು ಎಡದಿಂದ ಬಲಕ್ಕೇ ಬರೆಯುತ್ತೇವೆ. ಸುಲ್ತಾನರು 1787ರ ಸುಮಾರಿಗೆ ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದಾಗ ನಾಣ್ಯಗಳ ಮೇಲೆ ಇಸವಿಯ ಅಂಕಿಗಳನ್ನೂ ಬಲದಿಂದ ಎಡಕ್ಕೇ ಬರೆಸಿದರು. ರೂಢಿ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪದ ಮನಸ್ಸು ಅದು. ಎಡವೋ ಬಲವೋ ಎಂಬುದನ್ನು ಆ ಮನಸ್ಸು ಮತ್ತೊಮ್ಮೆ ಕೇಳಿ ನೋಡುತ್ತಿತ್ತು.

1799ರ ಮೇ 4ರಂದು ಮಧ್ಯಾಹ್ನ ಇಂಗ್ಲಿಷರ ಸೈನ್ಯ ಕೋಟೆಗೆ ನುಗ್ಗಿತು. ಸುಲ್ತಾನರು ಸೇವಕರು ತುಂಬಿಕೊಟ್ಟ ಕೋವಿಗಳನ್ನು ತಾವೇ ಹಾರಿಸುತ್ತ ಹೋರಾಡಿದರು. ಗಾಯಗೊಂಡು ಕೋಟೆಬಾಗಿಲಿನ ಬಳಿ ಬಿದ್ದಿದ್ದಾಗ, ಗುರುತು ಹಿಡಿಯದ ಒಬ್ಬ ಸಿಪಾಯಿ ಅವರ ಖಡ್ಗದ ಪಟ್ಟಿಗೆ ಕೈ ಹಾಕಿದ. ಆ ಸ್ಥಿತಿಯಲ್ಲಿಯೂ ಅವರು ಖಡ್ಗ ಬೀಸಿ ಅವನ ಮೊಣಕಾಲಿಗೆ ಗಾಯ ಮಾಡಿದರು. ಸಿಪಾಯಿ ಗುಂಡು ಹಾರಿಸಿದ. ಗುಂಡು ತಲೆಗೆ ತಾಗಿತು. ಜೊತೆಯಲ್ಲಿದ್ದ ಸೇವಕ ರಾಜಾ ಖಾನ್ ಹೇಳಿದ ಸಂಗತಿ ಇದು. ಖಡ್ಗಕ್ಕೂ ಬಂದೂಕಿಗೂ ನಡೆದ ಲೆಕ್ಕ ಅಂದು ಶ್ರೀರಂಗಪಟ್ಟಣದಲ್ಲಿ ಹೀಗೆ ಮುಗಿಯಿತು. ಅರಮನೆಯ ಆಯುಧಗಳು ಲೂಟಿಯ ಪಾಲಾಗಿ ಸಮುದ್ರ ದಾಟಿದವು. 2023ರ ಮೇ ತಿಂಗಳಲ್ಲಿ ಸುಲ್ತಾನರ ಒಂದು ಖಡ್ಗ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾದಾಗ ಪತ್ರಿಕೆಗಳೆಲ್ಲ ಅದರ ಬೆಲೆಯನ್ನು ಬರೆದವು. ಎಡಗೈಯನ್ನು ನೆನೆದ ಆ ಪಿಸ್ತೂಲಿನ ಜೋಡಿಯ ಬಗ್ಗೆ ನಮ್ಮ ಮಕ್ಕಳಿಗೆ ಹೇಳುವವರು ಕಡಿಮೆ.

ಬೆಂಗಳೂರಿನಿಂದ ಸುಡಾನಿಗೆ

ಇನ್ನೊಂದು ಪ್ರಸಂಗವೂ ನಮ್ಮ ನಾಡನ್ನು ಮುಟ್ಟಿಕೊಂಡು ಹೋಗುತ್ತದೆ. 1896ರಲ್ಲಿ ವಿನ್‌ಸ್ಟನ್ ಚರ್ಚಿಲ್ ಎಂಬ ತರುಣ ಅಧಿಕಾರಿ ಬೆಂಗಳೂರಿನ ದಂಡಿಗೆ ಬಂದ. ಬರುವಾಗ ಮುಂಬಯಿಯ ಬಂದರಿನಲ್ಲಿ ದೋಣಿಯಿಂದ ಇಳಿಯುತ್ತ ಗೋಡೆಯ ಕಬ್ಬಿಣದ ಬಳೆ ಹಿಡಿದಾಗ ಅವನ ಬಲಭುಜದ ಕೀಲು ತಪ್ಪಿತು. ಆ ಭುಜ ಮತ್ತೆಂದೂ ಪೂರ್ತಿ ನೆಟ್ಟಗಾಗಲಿಲ್ಲ. 1898ರ ಸೆಪ್ಟೆಂಬರ್ 2ರಂದು ಸುಡಾನಿನ ಒಮ್ದುರ್ಮಾನ್‌ನಲ್ಲಿ ಕುದುರೆ ಸೈನ್ಯ ನುಗ್ಗುವಾಗ ಜೊತೆಗಾರರ ಕೈಯಲ್ಲಿ ಭರ್ಜಿ ಖಡ್ಗಗಳಿದ್ದರೆ, ಇವನು ಖಡ್ಗವನ್ನು ಒರೆಗೆ ಹಾಕಿ ಹತ್ತು ಗುಂಡಿನ ಮೌಸರ್ ಪಿಸ್ತೂಲನ್ನು ಹಿಡಿದ. ಖಡ್ಗ ಬೀಸಲು ಆ ಭುಜಕ್ಕೆ ಆಗುತ್ತಿರಲಿಲ್ಲ. ಅಂದು ತಮ್ಮ ನೆಲಕ್ಕಾಗಿ ನಿಂತ ಸುಡಾನಿನ ಸಾವಿರಾರು ಜನ ಯಂತ್ರಬಂದೂಕುಗಳಿಗೆ ಬಲಿಯಾದರು ಎಂಬುದನ್ನು ಮರೆಯಬಾರದು. ನಮ್ಮ ಪ್ರಶ್ನೆಯ ಮಟ್ಟಿಗೆ ಹೇಳುವುದಾದರೆ, ಶಿಸ್ತಿಗೆ ಹೆಸರಾದ ಆ ಸೈನ್ಯದಲ್ಲಿಯೂ ಯಾವ ಆಯುಧ ಎಂಬುದನ್ನು ತೀರ್ಮಾನಿಸಿದ್ದು ಒಬ್ಬನ ದೇಹದ ಸ್ಥಿತಿಯೇ.

ನನ್ನ ಉತ್ತರ

ಹಾಗಾದರೆ ಹುಡುಗನಿಗೆ ಏನು ಹೇಳಲಿ? ಕುದುರೆಯ ಮೇಲಾದರೆ ಎರಡೂ ಲಗಾಮು ಹಿಡಿಯದ ಕೈಗೆ, ಸರದಿಯಂತೆ. ನೆಲದ ಮೇಲಾದರೆ ಪಳಗಿದ ಕೈಗೆ ಖಡ್ಗ, ಇನ್ನೊಂದಕ್ಕೆ ಪಿಸ್ತೂಲು. ಪಳಗಿದ ಕೈ ಯಾವುದೆಂದು ಹೇಳಬೇಕಾದವನು ಆ ಕೈಯ ಯಜಮಾನ, ಮೇಷ್ಟ್ರಲ್ಲ.

ಓದುಗರೇ, ಇಲ್ಲಿ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಹುಡುಗ ಬರೆಯುವುದೂ ಎಡಗೈಯಲ್ಲಿಯೇ. ಅವನ ಕೈಯಿಂದ ಸೀಮೆಸುಣ್ಣ ತೆಗೆದು ಬಲಗೈಗೆ ಇಟ್ಟವನು ನಾನೇ, ಒಂದು ಸಲವಲ್ಲ, ಹಲವು ಸಲ. ಮಗುವಿನ ಸಹಜ ಕೈಯನ್ನು ಬಲವಂತದಿಂದ ಬದಲಿಸಬಾರದೆಂದು ಬಿ.ಎಡ್. ತರಗತಿಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನೂ ನಾನೇ. ಕನ್ನಡ ಬರೆಯುವಾಗ ಅವನ ಎಡಗೈ ಹಸಿ ಶಾಯಿಯ ಮೇಲೆ ಉಜ್ಜಿಕೊಂಡು ಹೋಗಿ ಪುಟ ಕೊಳೆಯಾಗುತ್ತಿತ್ತು. ಅದಕ್ಕೆ ನಾನು ಬೈಯುತ್ತಿದ್ದೆ. ಉರ್ದು ನೋಟ್‌ಬುಕ್ ತೆಗೆದು ನೋಡಿದರೆ ಪುಟ ಶುಭ್ರ! ಬಲದಿಂದ ಎಡಕ್ಕೆ ಹೋಗುವ ಲಿಪಿಯಲ್ಲಿ ಎಡಗೈ ಬರೆದದ್ದನ್ನು ಬಿಟ್ಟು ಮುಂದೆ ಮುಂದೆ ಹೋಗುತ್ತದೆ. ಎರಡೂ ಪುಸ್ತಕ ವರ್ಷಗಟ್ಟಲೆ ನನ್ನ ಮೇಜಿನ ಮೇಲೆಯೇ ಇದ್ದವು. ನಾನು ನೋಡಿರಲಿಲ್ಲ.

ಊಟವನ್ನು ಬಲಗೈಯಿಂದ ಮಾಡುವುದು ನಮ್ಮ ಮನೆಗಳ ಅದಬ್. ಅದನ್ನು ಮಕ್ಕಳಿಗೆ ಪ್ರೀತಿಯಿಂದ ಕಲಿಸೋಣ. ಆದರೆ ಆ ಅದಬನ್ನೇ ನೆಪಮಾಡಿಕೊಂಡು ಲೇಖನಿ, ಬ್ಯಾಟು, ಸೂಜಿ, ಸುತ್ತಿಗೆ ಎಲ್ಲದಕ್ಕೂ ಮಗುವಿನ ಕೈಗೆ ಏಟು ಕೊಡುವುದು ಬೇಡ. ತಂದೆತಾಯಂದಿರಲ್ಲಿಯೂ ನನ್ನ ಸಹೋದ್ಯೋಗಿಗಳಲ್ಲಿಯೂ ನನ್ನ ವಿನಂತಿ ಇಷ್ಟೇ. ತಮ್ಮ ತರಗತಿಯಲ್ಲಿ ಎಡಗೈ ಮಗುವಿದ್ದರೆ ಬೆಂಚಿನ ಎಡ ತುದಿಯಲ್ಲಿ ಕೂರಿಸಿ, ಪಕ್ಕದವನ ಮೊಣಕೈ ತಾಗದು. ಪುಸ್ತಕವನ್ನು ತುಸು ಓರೆಯಾಗಿಟ್ಟುಕೊಳ್ಳಲು ಹೇಳಿಕೊಡಿ. ಇದಕ್ಕೆ ಖರ್ಚೇನೂ ಇಲ್ಲ.

ವಾರ್ಷಿಕೋತ್ಸವದ ದಿನ ನಮ್ಮ ಸುಲ್ತಾನ ಎಡಗೈಯಿಂದಲೇ ಖಡ್ಗ ಎಳೆದ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಏನು ಮಾಸ್ಟ್ರೇ, ಹುಡುಗನಿಗೆ ಖಡ್ಗ ಹಿಡಿಯೋದು ಹೇಳಿಕೊಡಲಿಲ್ಲವಾ?" ಎಂದರು. "ಅವನೇ ನನಗೆ ಹೇಳಿಕೊಟ್ಟ ಜನಾಬ್" ಎಂದೆ. ಅವರು ನಕ್ಕರು. ನಾಟಕ ಮುಂದುವರಿಯಿತು.